ತನ್ನ ಕಥೆಯನ್ನು ತಾನೇ ತಿದ್ದಿದ ಲೇಖಕಿ

ರಜೆಯ ದಿನಗಳಲ್ಲಿ ಮನೆಯ ಮಕ್ಕಳು ದಪ್ಪ ದಪ್ಪ ಇಂಗ್ಲಿಷ್ ಕಥಾಗ್ರಂಥಗಳನ್ನು ಹಿಡಿದು, ಊಟದ ಕರೆಗೂ ಓಗೊಡದೆ ಕುಳಿತಿರುವುದನ್ನು ಹಿರಿಯರು ಕಂಡಿರುತ್ತಾರೆ. ಮಾಂತ್ರಿಕರು, ಡ್ರ್ಯಾಗನ್‌ಗಳು, ಕಲ್ಪಿತ ರಾಜ್ಯಗಳು ತುಂಬಿದ ಈ ಪ್ರಕಾರಕ್ಕೆ ಫ್ಯಾಂಟಸಿ ಎಂದು ಹೆಸರು. ಇಂಥ ಓದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಲೋಕಗಳಲ್ಲಿ ಹೆಣ್ಣಿಗೆ ಯಾವ ಸ್ಥಾನವಿದೆ ಎಂಬುದನ್ನು ವಿಚಾರಿಸುವುದು ಅವಶ್ಯ.

ಈ ಪ್ರಕಾರಕ್ಕೆ ಮೇಲ್ಪಂಕ್ತಿ ಹಾಕಿದವರಲ್ಲಿ ಇಂಗ್ಲೆಂಡಿನ ಜೆ.ಆರ್.ಆರ್. ಟೋಲ್ಕಿನ್ ಪ್ರಮುಖರು. ಅವರ 1937ರ ‘ದಿ ಹಾಬಿಟ್’ನಲ್ಲಿ ಮಾತನಾಡುವ ಸ್ತ್ರೀಪಾತ್ರ ಒಂದೂ ಇಲ್ಲ. 1954-55ರಲ್ಲಿ ಪ್ರಕಟವಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಉಂಗುರವನ್ನು ನಾಶಮಾಡಲು ಹೊರಟ ಒಂಬತ್ತು ಮಂದಿ ಸಂಗಾತಿಗಳೂ ಗಂಡಸರೇ. ರಾಜವಂಶದ ಎಯೊವಿನ್ ಯುದ್ಧಭೂಮಿಗೆ ಹೋಗಲು ಗಂಡುವೇಷ ತೊಡಬೇಕಾಯಿತು. ಹೀಯಾಳಿಕೆಯಾದರೆ ಥಟ್ಟನೆ ಕಣ್ಣಿಗೆ ಬೀಳುತ್ತದೆ, ಮರೆವು ಬೀಳುವುದಿಲ್ಲ. ಆದ್ದರಿಂದಲೇ ಅದು ಹೆಚ್ಚು ಕಾಲ ಉಳಿಯುತ್ತದೆ.

ಈ ಮರೆವು ಪುರುಷ ಲೇಖಕರದು ಮಾತ್ರವೆ? ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (1929-2018) ಅವರ ‘ಅರ್ಥ್‌ಸೀ’ ಕಥಾಮಾಲೆ ಬೇರೆಯೇ ಉತ್ತರ ಕೊಡುತ್ತದೆ. 1968ರಲ್ಲಿ ಬಂದ ಮೊದಲ ಪುಸ್ತಕದ ನಾಯಕ ಗೆಡ್ ಕಂದುಬಣ್ಣದವನು. ಬಿಳಿಯ ವೀರರೇ ಮೆರೆಯುತ್ತಿದ್ದ ಕಾಲದಲ್ಲಿ ಅದು ದಿಟ್ಟ ಹೆಜ್ಜೆ. ಬಣ್ಣದ ಪೂರ್ವಗ್ರಹವನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು ಇನ್ನೊಂದನ್ನು ಕಾಣಲಿಲ್ಲ. ರೋಕ್ ದ್ವೀಪದ ಮಂತ್ರವಿದ್ಯಾಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಹೆಂಗಸರ ಮಂತ್ರವನ್ನು ಹಳಿಯುವ ಗಾದೆಗಳೇ ಆ ನಾಡಿನಲ್ಲಿ ರೂಢಿ. ಗೆಡ್‌ಗೆ ಮೊದಲ ಮಂತ್ರ ಕಲಿಸಿದವಳು ಅವನ ತಾಯಿಯ ಸೋದರಿ. ಆದರೂ ಕಥೆ ಆಕೆಯನ್ನು ಅಲ್ಪಜ್ಞೆಯೆಂದು ಹಿಂದೆ ಬಿಟ್ಟು ಮುನ್ನಡೆಯುತ್ತದೆ.

1971ರ ಎರಡನೆಯ ಪುಸ್ತಕದಲ್ಲಿ ಟೆನಾರ್ ಎಂಬ ಕನ್ಯೆಯೇ ಕೇಂದ್ರ. ಎಳೆಯ ವಯಸ್ಸಿನಲ್ಲೇ ಮನೆಯಿಂದ ಒಯ್ಯಲ್ಪಟ್ಟು, ಹೆಸರನ್ನೂ ಕಳೆದುಕೊಂಡು, ನೆಲದಡಿಯ ಕತ್ತಲೆಯ ದೇವತೆಗಳಿಗೆ ಅರ್ಚಕಿಯಾದವಳು ಆಕೆ. ಅಲ್ಲಿಯೂ ಬಿಡುಗಡೆಯ ದಾರಿ ತೆರೆಯಲು ಗೆಡ್ ಬರಬೇಕಾಗುತ್ತದೆ. 1972ರ ಮೂರನೆಯ ಪುಸ್ತಕವಂತೂ ಬಹುಮಟ್ಟಿಗೆ ಗಂಡಸರ ಯಾನವೇ.

ಹದಿನೆಂಟು ವರ್ಷಗಳ ತರುವಾಯ, ಕೀರ್ತಿ ಪ್ರಶಸ್ತಿಗಳೆಲ್ಲ ಬಂದ ಮೇಲೆ, ಲೇಖಕಿ ಅದೇ ಲೋಕಕ್ಕೆ ಮರಳಿದರು. 1990ರ ‘ಟೆಹಾನು’ವಿನಲ್ಲಿ ಟೆನಾರ್ ನಡುವಯಸ್ಸಿನ ವಿಧವೆ, ರೈತಗಿತ್ತಿ, ಬೆಂಕಿಯಲ್ಲಿ ಸುಟ್ಟು ವಿಕಾರಗೊಂಡ ಅನಾಥ ಬಾಲೆಯನ್ನು ಸಾಕುತ್ತಿರುವವಳು. ಶಕ್ತಿಯನ್ನೆಲ್ಲ ಕಳೆದುಕೊಂಡು ಬಂದ ಮಹಾಮಾಂತ್ರಿಕ ಗೆಡ್ ಆಡು ಕಾಯುತ್ತಾನೆ, ಮನೆಗೆಲಸಕ್ಕೆ ಕೈಹಾಕುತ್ತಾನೆ. ಹಡಗಿನಿಂದ ಮರಳಿದ ಟೆನಾರಳ ಮಗನಿಗೆ ಮಾತ್ರ ಅಡುಗೆಮನೆಯ ಕೆಲಸವೆಂದರೆ ಹೆಂಗಸರದು. ಡ್ರ್ಯಾಗನ್‌ಗಳೊಡನೆ ಸಂಭಾಷಿಸಿದವನಿಗೆ ನಾಚಿಕೆ ತರದ ಕೆಲಸ ಈ ಹುಡುಗನಿಗೆ ನಾಚಿಕೆ ತಂದಿತು! ಅನೇಕ ಮನೆಗಳ ಚಿತ್ರವೇ ಇದಲ್ಲವೆ?

1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಲೆ ಗ್ವಿನ್ ತಮ್ಮ ಹಳೆಯ ದೃಷ್ಟಿಯ ಮಿತಿಯನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಿದರು. ವೀರಕಥೆ ಎಂದರೆ ಗಂಡಸಿನ ಕಥೆ ಎಂಬ ಪರಂಪರೆಯೊಳಗೆ ನಿಂತೇ ತಾವೂ ಬರೆದದ್ದಾಗಿ ಒಪ್ಪಿಕೊಂಡರು. ಆದರೆ ಹಳೆಯ ಪುಸ್ತಕಗಳನ್ನು ಅಳಿಸಿ ಬರೆಯಲಿಲ್ಲ. ಅವುಗಳ ಮುಂದೆ ಹೊಸವನ್ನು ಇಟ್ಟರು. 2001ರ ಕಥಾಸಂಕಲನದಲ್ಲಿ ಇನ್ನೊಂದು ಸತ್ಯ ಹೊರಬರುತ್ತದೆ: ಹೆಣ್ಣಿಗೆ ಬಾಗಿಲು ಮುಚ್ಚಿದ್ದ ರೋಕ್ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು. ಅವರನ್ನು ಹೊರಗಿಟ್ಟವರು ಆ ನೆನಪನ್ನೂ ಹೊರಗಿಟ್ಟಿದ್ದರು.

ವಯಸ್ಸು ಅರವತ್ತು ಮುಟ್ಟಿದಾಗ ತಾನು ಕಟ್ಟಿದ್ದನ್ನು ಸಮರ್ಥಿಸಿಕೊಳ್ಳುವುದು ಸುಲಭ. ಅದರಲ್ಲಿ ಬಿಟ್ಟುಹೋದದ್ದನ್ನು ತಾನೇ ತೋರಿಸುವುದು ಕಠಿನ. ಆ ಪ್ರಾಯವನ್ನು ದಾಟಿದ ನನ್ನಂಥವರು ಇದನ್ನು ಚೆನ್ನಾಗಿ ಬಲ್ಲೆವು.

ಆದ್ದರಿಂದ ತಾಯಿತಂದೆಯರಲ್ಲಿ ಒಂದು ವಿನಂತಿ. ಮಕ್ಕಳ ಕೈಯಿಂದ ಪುಸ್ತಕವನ್ನು ಕಸಿಯಬೇಡಿರಿ. ಓದಿ ಮುಗಿಸಿದ ಮೇಲೆ ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿರಿ: “ಈ ಕಥೆಯಲ್ಲಿ ಹೆಂಗಸರು ಎಲ್ಲಿದ್ದಾರೆ? ವೀರರಿಗೆ ಅನ್ನ ಬೇಯಿಸಿದವರಾರು? ಅವರ ಹೆಸರೇನು?” ಮಗಳನ್ನು ಕೇಳುವಂತೆಯೇ ಮಗನನ್ನೂ ಕೇಳಿರಿ. ಕೇಳಿದ ಮೇಲೆ, ಊಟದ ತಟ್ಟೆಯನ್ನು ಅವನೇ ತೊಳೆದಿಡಲಿ.