ಬಿಸ್ಟ್ರೊ ಊಟಕ್ಕೆ ಅಡುಗೆಯವಳೂ ಕೂರಲಿ

ಆಲೂರು ಹತ್ತಿರದ ನಮ್ಮ ಅತ್ತೆಮನೆಯಲ್ಲಿ ಡಿಸೆಂಬರ್ ಅಂದರೆ ಕಾಫಿ ಕೊಯ್ಲಿನ ಕಾಲ, ಉಸಿರಾಡಲೂ ಪುರುಸೊತ್ತಿರೋದಿಲ್ಲ. ಅಂಥದ್ದರಲ್ಲಿ ಬೆಂಗಳೂರಿನಿಂದ ನೆಂಟರು ಬರುತ್ತಾರೆ ಅಂತ ಗೊತ್ತಾದ ಕೂಡಲೇ ನಮ್ಮ ಯಜಮಾನರು, ‘ಈ ಸಲ ಫ್ರೆಂಚ್ ಡಿನ್ನರ್ ಮಾಡೋಣ, ವೈನ್ ನಾನು ತರ್ತೀನಿ’ ಅಂದುಬಿಟ್ಟರು. ಅವರು ತರೋದು ಬಾಟಲಿ, ಉಳಿದಿದ್ದೆಲ್ಲ ನಮ್ಮ ತಲೆಗೆ!

ಪುಸ್ತಕ ನೋಡಿಕೊಂಡು ಐದು ಬಗೆ ಮಾಡಿದೆ. ಸಾಸ್ ತಳ ಹಿಡಿಯಿತು. ಎಲ್ಲರೂ ಹೊಗಳಿದರು, ನಿಜ. ನಾನು ಮಾತ್ರ ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಕಟ್ಟೆಗೆ ಒರಗಿಕೊಂಡು ತಣ್ಣಗಾದದ್ದನ್ನು ತಿಂದೆ. ನಿಮಗೂ ಹೀಗಾಗಿರಬೇಕಲ್ಲವೇ?

ಆಮೇಲೆ ತಿಳಿಯಿತು ನೋಡಿ, ಬಿಸ್ಟ್ರೊ ಅಂದರೆ ದೊಡ್ಡ ಹೋಟೆಲೇ ಅಲ್ಲ! ಪ್ಯಾರಿಸ್ಸಿನ ಗಲ್ಲಿಗಳ ಪುಟ್ಟ ಊಟದ ಮನೆ ಅದು. ಮನೆ ಅಡುಗೆಯಂಥದ್ದೇ, ನಿಧಾನ ಉರಿಯಲ್ಲಿ ಬೆಂದ ಒಂದು ಪಾತ್ರೆ, ಜೊತೆಗೆ ಬ್ರೆಡ್ಡು. ಅಲ್ಲಿನ ಹೆಸರಾಂತ ‘ಕೊಕ್ ಓ ವ್ಯಾನ್’ ಹುಟ್ಟಿದ್ದೇ ಬಲಿತ ಹುಂಜದ ಗಟ್ಟಿ ಮಾಂಸವನ್ನು ಮೆತ್ತಗೆ ಮಾಡೋದಕ್ಕೆ. ನಾಟಿಕೋಳಿ ಬೇಯಿಸೋ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಒಂದು ಕೆ.ಜಿ. ಕೋಳಿಗೆ ಅರ್ಧ ಬಾಟಲಿ ಕೆಂಪು ವೈನ್, ಈರುಳ್ಳಿ, ಪಲಾವ್ ಎಲೆ, ತೋಟದ ಕರಿಮೆಣಸು ಹಾಕಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಕೋಳಿಯನ್ನು ಹುರಿದು, ಅದೇ ರಸದಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ನಾಟಿ ಹುಂಜವಾದರೆ ಎರಡು ಗಂಟೆಯಾದರೂ ಬೇಕು. ಕೊನೆಗೆ ಅಣಬೆ, ಸಾಂಬಾರ್ ಈರುಳ್ಳಿ. ಸಂಜೆ ಬಿಸಿ ಮಾಡಿದರೆ ರುಚಿ ಇನ್ನೂ ಹೆಚ್ಚು. ಬ್ರೆಡ್ ಸಿಗದಿದ್ದರೆ ಅಕ್ಕಿ ರೊಟ್ಟಿ ಇದ್ದೇ ಇದೆ. ವೈನ್ ಕುದಿಸಿದರೂ ಅದರ ಆಲ್ಕೋಹಾಲ್ ಪೂರ್ತಿ ಹೋಗೋದಿಲ್ಲ. ಅದಕ್ಕೇ ಮಕ್ಕಳಿಗೆ, ಮುಟ್ಟದವರಿಗೆ ಬೇರೆ ಅಡುಗೆ ಇರಲಿ. ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿ ಬೇಯಿಸಿದ ರಾಟಟೂಯಿ ಸಸ್ಯಾಹಾರಿಗಳಿಗೂ ಆಗುತ್ತದೆ.

ಕುಡಿಯಲು ಯಾವ ವೈನ್? ಈ ಕೋಳಿಗೆ ಕೆಂಪೇ ಸರಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕೊಡಿ. ಆದರೆ ನಮ್ಮ ಖಾರದ ಕೋಳಿ ಸಾರು, ಕಡುಬು ಇದ್ದರೆ ಕೆಂಪು ವೈನ್ ಬೇಡವೇ ಬೇಡ. ಅದರ ಒಗರು ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ತುಸು ಸಿಹಿ ಇರುವ, ಚೆನ್ನಾಗಿ ತಂಪು ಮಾಡಿದ ಬಿಳಿ ವೈನ್ ಹೊಂದುತ್ತದೆ. ವಿದೇಶಿ ಬಾಟಲಿಗೆ ದುಡ್ಡು ಸುರಿಯಬೇಡಿ, ನಂದಿ ಬೆಟ್ಟದ ಕಡೆಯೇ ಒಳ್ಳೆ ವೈನ್ ತಯಾರಾಗುತ್ತದೆ.

ಇನ್ನು, ನೀವು ಕುಡಿಯಬೇಕೇ ಅನ್ನೋ ಪ್ರಶ್ನೆ. ಬೇಡವಾದರೆ ಯಾರೂ ಒತ್ತಾಯಿಸಬಾರದು, ಅರ್ಧ ಗ್ಲಾಸು ತಗೊಂಡರೆ ಹುಬ್ಬೇರಿಸಲೂಬಾರದು. ನನ್ನ ವಾರಗಿತ್ತಿ ನಿಂಬೆ ಶರಬತ್ತಿನಲ್ಲೇ ಖುಷಿಯಾಗಿದ್ದಳು. ಕುಡಿದವರನ್ನು ಮಾತ್ರ ಆ ರಾತ್ರಿ ಉಳಿಸಿಕೊಳ್ಳಿ. ಮಂಜು ಮುಸುಕಿದ ಶಿರಾಡಿ ಘಾಟಿಯಲ್ಲಿ ಕುಡಿದು ಗಾಡಿ ಓಡಿಸೋದು ಹುಡುಗಾಟವಲ್ಲ.

ಎರಡನೇ ಸಲ ಇದೊಂದೇ ಪಾತ್ರೆ ಮಾಡಿ ಟೇಬಲ್ ನಡುವೆ ಇಟ್ಟು, ನಾನೂ ಕೂತೆ. ಅತ್ತೆಯನ್ನೂ ಕೈಹಿಡಿದು ಕೂರಿಸಿದೆ. ಒಂದು ತುತ್ತು ತಿಂದು, ‘ಇದು ನಮ್ಮ ಕೋಳಿ ಸಾರೇ ಕಣೇ, ಖಾರ ಇಲ್ಲ ಅಷ್ಟೇ’ ಅಂದರು. ಮಾವ ಅತ್ತಿತ್ತ ನೋಡಿ, ‘ಮತ್ತೆ ಬಡಿಸೋರು ಯಾರು?’ ಅಂದರು. ಅತ್ತೆ ಮಾತಾಡದೆ ಸೌಟನ್ನು ಅವರ ಕಡೆಗೆ ತಿರುಗಿಸಿಟ್ಟರು.