ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾ! ಯಾರ ಮನೆ?



ವಾರಕ್ಕೊಮ್ಮೆ ಪತ್ರಿಕೆಯವರು ಸಿನಿಮಾಗಳಿಗೆ ನಕ್ಷತ್ರ ಹಂಚುತ್ತಾರೆ. ಇದಕ್ಕೆ ಮೂರು, ಅದಕ್ಕೆ ಮೂರೂವರೆ. ಛಾಯಾಗ್ರಹಣ ಚೆನ್ನಾಗಿದೆ, ಸಂಗೀತ ಪರವಾಗಿಲ್ಲ, ಇಂಟರ್ವಲ್ ಆದ ಮೇಲೆ ಸ್ವಲ್ಪ ಎಳೆದಾಟ. ಕೊನೆಗೆ ಒಂದು ಸಾಲು ಬಂದೇ ಬರುತ್ತದೆ: 'ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ'. ನಮ್ಮ ತಕರಾರು ಇರುವುದು ಈ ಕೊನೆಯ ಸಾಲಿನ ಮೇಲೆ.

ಯಾರ ಮನೆ ಸ್ವಾಮಿ? ಯಾವ ಮಂದಿ? ನಾಯಕ ಬೀಡಿ ಸೇದಲಿಲ್ಲ, ಹೆಂಡ ಮುಟ್ಟಲಿಲ್ಲ, ನಾಯಕಿಯ ಸೆರಗು ಜಾರಲಿಲ್ಲ ಅಂದರೆ ಸಾಕು, ಸಿನಿಮಾ ನೀತಿವಂತ ಆಗಿಬಿಡುತ್ತದೆ. ಅದೇ ಸಿನಿಮಾದಲ್ಲಿ ಒಬ್ಬ ಆಳುಮಗ ಮೂರು ಗಂಟೆ ನಡು ಬಗ್ಗಿಸಿಕೊಂಡು 'ಬುದ್ಧೀ' ಅಂತ ನಿಂತಿರುತ್ತಾನೆ. ಅವನ ಹೆಸರು ನಗಿಸುವುದಕ್ಕೆ, ಅವನ ಮೈಬಣ್ಣ ನಗಿಸುವುದಕ್ಕೆ. ಅದು ಅನೀತಿ ಅಂತ ಯಾರ ಲೆಕ್ಕಕ್ಕೂ ಬರೋದಿಲ್ಲ. ಕುಡಿದರೆ ಅನೀತಿ, ಜೀತ ಮಾಡಿಸಿದರೆ ಹಳ್ಳಿಯ ಸೊಗಡು!

ನಾವು ಅಂಕ ಕೊಡಲು ಹೊರಟರೆ ಏನಾಗುತ್ತದೆ ಅನ್ನೋದೂ ನಮಗೆ ಗೊತ್ತು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯಕ್ಕೆ ಅಂಕ ಕೊಟ್ಟರು. ಬೂಸಾ ಅಂದರು. ಅಷ್ಟಕ್ಕೇ ಬೀದಿ ಬೀದಿಯಲ್ಲಿ ಗಲಾಟೆಯಾಗಿ, ದಲಿತ ಹುಡುಗರು ಏಟು ತಿಂದು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಅಂಕ ಕೊಡುವ ಪೆನ್ನು ಯಾರ ಕೈಯಲ್ಲಿರಬೇಕು ಅನ್ನುವುದು ಸಣ್ಣ ಪ್ರಶ್ನೆ ಅಲ್ಲ ಅಂತ ಈ ನಾಡು ಅವತ್ತೇ ತೋರಿಸಿಕೊಟ್ಟಿತು.

ಹಾಗಾಗಿ ನಮ್ಮ ಹಾಸ್ಟೆಲುಗಳಲ್ಲಿ ನಾವೇ ಅಂಕ ಹಾಕೋಣ. ಮೂರು ಕಲಂ ಸಾಕು: ಕಸುಬು, ವಸ್ತು, ನೀತಿ. ಕಸುಬು ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ತಮಟೆಯನ್ನು ಬೆಂಕಿಗೆ ಹಿಡಿದು ಹದ ಮಾಡಿದವರು, ಮೆಟ್ಟು ಹೊಲಿದವರು ನಮ್ಮ ಹಿರೀಕರು. ಹೊಲಿದವನು ಎಷ್ಟೇ ಒಳ್ಳೆಯವನಾದರೂ ಕೆಟ್ಟದಾಗಿ ಹೊಲಿದ ಮೆಟ್ಟು ಕಾಲು ಕಡಿಯುತ್ತದೆ. ನಮ್ಮ ಪರವಾಗಿ ಭಾಷಣ ಹೊಡೆಯುವ ಸಿನಿಮಾ ಅಂತ ಕಸುಬಿನ ಕಲಮಿನಲ್ಲಿ ಕರುಣೆಯ ಅಂಕ ಹಾಕಬಾರದು. ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ತೂಗಿಹಾಕಿ, ಅದರ ಕೆಳಗೆ ನಾಯಕ ನಿಂತು ಹತ್ತು ಜನಕ್ಕೆ ಬಾರಿಸಿದ ಅಂತ ನೀತಿಯ ಕಲಮಿನಲ್ಲೂ ಹಾಕಬೇಕಿಲ್ಲ. ಫೋಟೋ ಬಾಡಿಗೆಗೂ ಸಿಗುತ್ತದೆ.

ಈಗ ಒಂದು ಸಿನಿಮಾ ತೆಗೆದುಕೊಳ್ಳೋಣ. ಎಲ್ಲರೂ ನೋಡಿದ್ದು, ಎಲ್ಲರೂ ಅತ್ತಿದ್ದು. 1972ರ 'ನಾಗರಹಾವು'. ತ.ರಾ.ಸು. ಕಾದಂಬರಿಗಳು, ಪುಟ್ಟಣ್ಣ ಕಣಗಾಲರ ನಿರ್ದೇಶನ. ಕಸುಬಿಗೆ ಹತ್ತಕ್ಕೆ ಒಂಬತ್ತು, ಇದರಲ್ಲಿ ನಮ್ಮದೇನೂ ಚೌಕಾಸಿ ಇಲ್ಲ. ಚಿತ್ರದುರ್ಗದ ಕೋಟೆಯ ಬಂಡೆಗಳನ್ನು ಹಾಗೆ ಮಾತಾಡಿಸಿದವರು ಬೇರೆ ಯಾರಿದ್ದಾರೆ? ಆದರೆ ಈ ಸಿನಿಮಾ ಐವತ್ತು ವರ್ಷದಿಂದ ಹೆಸರು ಮಾಡಿರುವುದು ಗುರುಭಕ್ತಿಗೆ. ಚಾಮಯ್ಯ ಮೇಷ್ಟ್ರು ಅಂದರೆ ಸಾಕು, ಕನ್ನಡಿಗರ ಕಣ್ಣಲ್ಲಿ ನೀರು. ಸರಿ, ಮೇಷ್ಟ್ರು ಮಾಡಿದ್ದೇನು ನೋಡಿ. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಮೇಷ್ಟ್ರು ಜಾತಿಯ ಮಾತು ತೆಗೆದು, ತ್ಯಾಗ ಮಾಡು ಅಂತ ಒಪ್ಪಿಸುತ್ತಾರೆ. ಅಲಮೇಲು ಬೇರೆಯವನನ್ನು ಕಟ್ಟಿಕೊಂಡು, ಆ ಗಂಡನ ದೆಸೆಯಿಂದಲೇ ಮೈ ಮಾರುವ ಗತಿಗೆ ಬೀಳುತ್ತಾಳೆ. ಆಮೇಲೆ ಮಾರ್ಗರೆಟ್ ಬರುತ್ತಾಳೆ, ಕ್ರೈಸ್ತರ ಹುಡುಗಿ. ಮತ್ತೆ ಮೇಷ್ಟ್ರ ಅಡ್ಡಿ. ಬೆಟ್ಟದ ಮೇಲೆ ವಾದವಾಗಿ, ಮೇಷ್ಟ್ರು ಬಿದ್ದು ಸಾಯುತ್ತಾರೆ, ಹಿಂದೆಯೇ ಆ ಎರಡು ಎಳೆ ಜೀವಗಳು ಹಾರಿಕೊಳ್ಳುತ್ತವೆ.

ಲೆಕ್ಕ ಹಾಕಿ. ಒಬ್ಬ ಒಳ್ಳೆಯ, ಸಾಧು, ಪ್ರೀತಿ ತುಂಬಿದ ಮೇಷ್ಟ್ರ ಜಾತಿಬುದ್ಧಿಗೆ ಮೂರು ಹೆಣ, ಒಂದು ಹಾಳಾದ ಹೆಣ್ಣು ಬಾಳು. ಕೆಟ್ಟವನು ಜಾತಿ ಮಾಡಿದರೆ ಅವನನ್ನು ಗುರುತಿಸಬಹುದು. ಮಗನಂತೆ ಸಾಕಿದವನು, ತಲೆ ಸವರುತ್ತಾ ಜಾತಿ ಹೇಳಿಕೊಟ್ಟರೆ ಗುರುತಿಸುವುದು ಹೇಗೆ? ಸಿನಿಮಾ ಇದನ್ನು ಬಚ್ಚಿಟ್ಟಿಲ್ಲ, ತೆರೆಯ ಮೇಲೇ ಇದೆ. ಬಚ್ಚಿಟ್ಟವರು ವಿಮರ್ಶಕರು. ಗುರುಭಕ್ತಿ ಅಂತ ಹಣೆಗೆ ಚೀಟಿ ಅಂಟಿಸಿದವರು ಅವರು. ಹಾಗಾಗಿ ವಸ್ತುವಿಗೆ ನಾವು ಎಂಟು ಕೊಡುತ್ತೇವೆ. ನೀತಿಗೆ? ಕಥೆ ಮೇಷ್ಟ್ರನ್ನು ಪ್ರಶ್ನಿಸುವ ತನಕ ಬಂದು, ಪ್ರಶ್ನೆಯನ್ನು ಕಣ್ಣೀರಿನಲ್ಲಿ ಕೊಚ್ಚಿಹಾಕುತ್ತದೆ. ನಾಲ್ಕರ ಮೇಲೆ ಕೊಡಲು ನಮಗೆ ಮನಸ್ಸಾಗಲಿಲ್ಲ.

ಅದೇ 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ನಮ್ಮ ಅಪ್ಪ-ತಾತಂದಿರೂ ಗಾಂಧಿಕ್ಲಾಸಿನಲ್ಲಿ ಕೂತು ಅತ್ತಿದ್ದಾರೆ, ರಾಜಕುಮಾರ್ ಮೇಲೆ ಅವರಿಗಿದ್ದ ಪ್ರೀತಿ ಸುಳ್ಳಲ್ಲ. ಸ್ಕೂಲು ಮೆಟ್ಟಿಲು ಹೆಚ್ಚು ಹತ್ತದ ಒಬ್ಬ ಮನುಷ್ಯ ಇಡೀ ನಾಡಿನ ನಾಲಗೆ ತಿದ್ದಿದ್ದು ನಮಗೂ ಹೆಮ್ಮೆಯೇ. ಆದರೆ ಕಲ್ಲುಭೂಮಿಯನ್ನು ಬಂಗಾರ ಮಾಡಿದ ಆ ಊರಿಗೆ ಒಂದು ಕೇರಿ ಇತ್ತಾ? ಕಥೆ ಕೇಳೋದಿಲ್ಲ. ಬಂಡೆ ಒಡೆದವರ ಕೂಲಿ ಎಷ್ಟು? ಅದನ್ನೂ ಕೇಳೋದಿಲ್ಲ. ಓದಿದ ಹುಡುಗರೆಲ್ಲ ಹಳ್ಳಿಗೆ ಹಿಂದಿರುಗಿ ಉಳಲಿ ಅನ್ನುವುದು ಅದರ ನೀತಿ. ಹಿಂದಿರುಗೋಣ, ಆದರೆ ಯಾವ ಹೊಲಕ್ಕೆ? ಹೊಲ ಇದ್ದವನಿಗೆ ಹೇಳಿದ ನೀತಿಯನ್ನು ನಾಡಿಗೆಲ್ಲ ಹೇಳಿದ ನೀತಿ ಅಂತ ಐವತ್ತು ವರ್ಷ ಸಾರಿದರು.

ಹೊಲ ಇಲ್ಲದವನ ಕಥೆ 1975ರಲ್ಲಿ ಬಂತು. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು ಸಿನಿಮಾ ಮಾಡಿದರು. ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ, ಚೋಮನಾದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಎರಡೂ ನ್ಯಾಯವೇ. ಚೋಮನ ಹತ್ತಿರ ಎತ್ತಿನ ಜೋಡಿ ಇದೆ, ತೋಳಿದೆ, ಆಸೆ ಇದೆ. ಉಳುವುದಕ್ಕೆ ನೆಲ ಮಾತ್ರ ಇಲ್ಲ, ಯಾಕೆಂದರೆ ಹೊಲೆಯ ಬೇಸಾಯ ಮಾಡುವಂತಿಲ್ಲ. ನೀರಿನಲ್ಲಿ ಮುಳುಗುತ್ತಿರುವ ಅವನ ಮಗನನ್ನು ಮುಟ್ಟಿದರೆ ಮೈಲಿಗೆ ಅಂತ ದಡದವರು ಕೈ ಚಾಚುವುದಿಲ್ಲ. ಇದು ನೀತಿಯ ಪ್ರಶ್ನೆಯನ್ನು ಮುಖಕ್ಕೆ ಎಸೆದ ಸಿನಿಮಾ. ಸಿನಿಮಾ ಬಂದಾಗ ಅರಸು ಸರ್ಕಾರದ ಭೂಸುಧಾರಣೆ ಕಾಯ್ದೆ 1974ರಿಂದಲೇ ಜಾರಿಯಲ್ಲಿತ್ತು, ಗೇಣಿದಾರರು ನಮೂನೆ 7 ಹಿಡಿದು ಭೂನ್ಯಾಯಮಂಡಳಿ ಮುಂದೆ ನಿಂತಿದ್ದರು. ಚೋಮನಂಥ ಜೀತದಾಳು ಗೇಣಿದಾರನೇ ಅಲ್ಲವಲ್ಲ, ಅವನಿಗೆಲ್ಲಿಯ ನಮೂನೆ? ಪ್ರಶಸ್ತಿ ಸಮಾರಂಭದಲ್ಲಿ ಚೋಮನಿಗಾಗಿ ಮರುಗಿದವರು ಈ ಪ್ರಶ್ನೆ ಕೇಳಲಿಲ್ಲ. ದುಡಿ ಬಡಿದು ಬಡಿದು ಸಾಯುವ ಚೋಮ ಅವರಿಗೆ ಚೆಂದ. ದುಡಿ ಬಡಿದು ಊರು ಕೂಡಿಸುವ ಚೋಮ ಬಂದಿದ್ದರೆ ಎಷ್ಟು ನಕ್ಷತ್ರ ಕೊಡುತ್ತಿದ್ದರೋ!

ನಮ್ಮ ಕಥೆಯನ್ನು ನಾವೇ ಹೇಳಿದಾಗ ಕಸುಬೂ ಬದಲಾಗುತ್ತದೆ ಅನ್ನುವುದಕ್ಕೆ ಪಕ್ಕದ ರಾಜ್ಯಗಳ ಕಡೆ ನೋಡಬೇಕಾಗಿದೆ. ಮರಾಠಿಯ ನಾಗರಾಜ ಮಂಜುಳೆ 2013ರಲ್ಲಿ 'ಫಂಡ್ರಿ' ಮಾಡಿದರು. ಹಂದಿ ಹಿಡಿದು ಹೊತ್ತೊಯ್ಯುವ ಕುಟುಂಬ ಶಾಲೆಯ ಗೋಡೆಯ ಪಕ್ಕ ಹಾದುಹೋಗುತ್ತದೆ, ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ. ಯಾರೂ ಭಾಷಣ ಮಾಡುವುದಿಲ್ಲ. ಫೋಟೋ ಅಂದರೆ ಹೀಗೆ ಬಳಸಬೇಕು. 2016ರ ಅವರ 'ಸೈರಾಟ್' ಹಾಡುಗಳಿಗೆ ನಾವೆಲ್ಲ ಹಾಸ್ಟೆಲ್ ಡೇಯಲ್ಲಿ ಕುಣಿದಿದ್ದೇವೆ. ಹಂಗೆ ಕುಣಿಸಿ ಕುಣಿಸಿ, ಕೊನೆಗೆ ಆ ಹುಡುಗ-ಹುಡುಗಿಯ ಹೆಣ ತೋರಿಸುವಾಗ ಸದ್ದನ್ನೇ ನಿಲ್ಲಿಸಿಬಿಡುತ್ತಾರೆ. ಮಗುವಿನ ರಕ್ತದ ಹೆಜ್ಜೆ ಮಾತ್ರ. ಮರ್ಯಾದೆ ಹತ್ಯೆಗೆ ಹಿನ್ನೆಲೆ ಸಂಗೀತ ಕೊಡಲು ಒಪ್ಪದೇ ಇರುವುದು ಕಸುಬೋ ನೀತಿಯೋ? ಎರಡು ಕಲಮೂ ಅಲ್ಲಿ ಒಂದಾಗುತ್ತವೆ.

ಇನ್ನು 2018ರ ತಮಿಳಿನ 'ಪರಿಯೇರುಂ ಪೆರುಮಾಳ್'. ಮಾರಿ ಸೆಲ್ವರಾಜ್ ನಿರ್ದೇಶನ, ಪಾ. ರಂಜಿತ್ ನಿರ್ಮಾಣ. ಕಾನೂನು ಓದಲು ಬಂದ ಹುಡುಗ, ಇಂಗ್ಲಿಷಿನ ಪಾಠ ತಲೆಗೆ ಹತ್ತದೆ ಕ್ಲಾಸಿನಲ್ಲಿ ತಲೆ ತಗ್ಗಿಸುವ ಹುಡುಗ. ನಮ್ಮ ಯಾವ ಹಾಸ್ಟೆಲಿನ ಯಾವ ರೂಮಿನಲ್ಲಿ ಇವನಿಲ್ಲ ಹೇಳಿ? ಅವನ ನಾಯಿಯನ್ನು ರೈಲುಹಳಿಗೆ ಕಟ್ಟಿ ಕೊಲ್ಲುತ್ತಾರೆ, ಅವನನ್ನೂ ಕೊಲ್ಲಲು ನೋಡುತ್ತಾರೆ. ಅವನು ಚೋಮನ ಹಾಗೆ ಸಾಯುವುದಿಲ್ಲ, ಸ್ಟಾರುಗಳ ಹಾಗೆ ಮಚ್ಚು ಹಿಡಿಯುವುದಿಲ್ಲ. ಹುಡುಗಿಯ ಅಪ್ಪನ ಎದುರು ನಿಂತು ಮಾತಾಡುತ್ತಾನೆ. ಕಡೆಯಲ್ಲಿ ಎರಡು ಲೋಟ, ನಡುವೆ ಒಂದು ಮಲ್ಲಿಗೆ ಹೂವು. ಎರಡು ಲೋಟದ ಪದ್ಧತಿ ಕಂಡ ಹೋಟೆಲುಗಳ ಊರಿನಿಂದ ಬಂದ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ದಿನದ ಟಿಕೆಟ್ಟಿಗೆ ಅಂತ ಸ್ಕಾಲರ್‌ಶಿಪ್ ದುಡ್ಡು ಸುರಿದು, ಆ ಸ್ಟಾರು ದೊಡ್ಡವನಾ ಈ ಸ್ಟಾರು ದೊಡ್ಡವನಾ ಅಂತ ಒಂದೇ ತಟ್ಟೆಯಲ್ಲಿ ಉಣ್ಣುವ ಹುಡುಗರು ತಲೆ ಒಡೆದುಕೊಳ್ಳುವುದನ್ನು ನಾವು ಕಂಡಿದ್ದೇವೆ. ಅದರ ಬದಲು ಭಾನುವಾರ ರಾತ್ರಿ ಊಟವಾದ ಮೇಲೆ ಸಿನಿಮಾ ನೋಡಿ, ಕೂತು, ಮೂರು ಕಲಮಿನ ಅಂಕಪಟ್ಟಿ ಬರೆದು ನಮಗೆ ಕಳಿಸಿ. ಜಗಳ ಆಗಲಿ, ಆದರೆ ಅಂಕದ ಮೇಲೆ ಆಗಲಿ. 'ಪರಿಯೇರುಂ ಪೆರುಮಾಳ್'ಗೆ ನಾವು ನೀತಿಯಲ್ಲಿ ಒಂಬತ್ತು ಕೊಟ್ಟಿದ್ದೇವೆ. ಆದರೆ ಆ ಹುಡುಗಿ ಜೋಗೆ, ತನ್ನ ಮನೆಯವರು ಅವನಿಗೆ ಏನೇನು ಮಾಡಿದರು ಅನ್ನುವುದು ಕೊನೇ ತನಕ ಗೊತ್ತೇ ಆಗುವುದಿಲ್ಲ, ಗೊತ್ತಾಗದ ಹಾಗೆ ಗಂಡಸರೆಲ್ಲ ಸೇರಿ ನೋಡಿಕೊಳ್ಳುತ್ತಾರೆ. ಇದಕ್ಕೆ ಎಷ್ಟು ಅಂಕ ಕಳೆಯಬೇಕು ಅನ್ನುವುದನ್ನು ಹೆಣ್ಣುಮಕ್ಕಳ ಹಾಸ್ಟೆಲಿನವರು ಬರೆದು ತಿಳಿಸಲಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.