ಬಾವಿಯ ಪಾಳಿ: ಇಟ್ಟುಕೊಳ್ಳಬೇಕೋ, ಲಾವಣಿಗೆ ಕೊಡಬೇಕೋ, ಮಾರಬೇಕೋ?

ಪುಣೆ, ಮುಂಬೈ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ರಜೆಗೆ ಊರಿಗೆ ಬಂದಾಗ ‘ಟೈಮ್‌ಶೇರ್’ ಎಂಬ ಮಾತು ಆಡುತ್ತಾರೆ. ಗೋವೆಯಲ್ಲೋ ಲೋಣಾವಳಾದಲ್ಲೋ ಒಂದು ರಿಸಾರ್ಟು. ಅನೇಕ ಜನ ಹಣ ಕಟ್ಟಿರುತ್ತಾರೆ. ಒಬ್ಬೊಬ್ಬರಿಗೆ ವರ್ಷಕ್ಕೊಂದು ವಾರದ ಪಾಳಿ. ಹೋಗಲಿ ಬಿಡಲಿ, ವರ್ಷಾ ವರ್ಷಾ ದೇಖರೇಖಿಯ ಹಣ ಮಾತ್ರ ಕಟ್ಟಲೇಬೇಕು. ಕಟ್ಟಿದವರು ತೀರಿಕೊಂಡರೆ ಮಕ್ಕಳ ಮುಂದೆ ಮೂರು ದಾರಿ: ಆ ವಾರವನ್ನು ಇಟ್ಟುಕೊಳ್ಳುವುದು, ಬಾಡಿಗೆಗೆ ಕೊಡುವುದು, ಇಲ್ಲವೇ ಮಾರುವುದು.

ಪಟ್ಟಣದವರಿಗೆ ಇದು ಹೊಸದಿರಬಹುದು. ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ರೈತರಿಗೆ ಹೊಸದೇನಲ್ಲ. ನಮ್ಮಲ್ಲಿ ಇದರ ಹೆಸರು ಬಾವಿಯ ಪಾಳಿ. ಅಜ್ಜನ ಕಾಲಕ್ಕೆ ಒಂದೇ ಹೊಲ, ಒಂದೇ ಬಾವಿ ಇತ್ತು. ಹೊಲ ಹಿಸೆಯಾಯಿತು. ಬಾವಿಯನ್ನು ಹಿಸೆ ಮಾಡಲು ಬರುವುದಿಲ್ಲ, ಆದ್ದರಿಂದ ಹಿರಿಯರು ವೇಳೆಯನ್ನು ಹಿಸೆ ಮಾಡಿದರು. ಬಾವಿ ಹದಿನಾರಾಣೆ; ನಿನ್ನದು ಎಂಟಾಣೆ, ನನ್ನದು ನಾಲ್ಕಾಣೆ, ಅವನದು ನಾಲ್ಕಾಣೆ. ಎಂಟು ದಿನಕ್ಕೊಂದು ಸುತ್ತು ಎಂದು ಹಿಡಿದರೆ ಎರಡಾಣೆಗೆ ಒಂದು ದಿನ. ಮೊಟದ ಕಾಲದಲ್ಲಿ ಎತ್ತು ಹೂಡುವ ದಿನ ಎಣಿಸುತ್ತಿದ್ದರು, ಈಗ ಮೋಟಾರಿನ ತಾಸು ಎಣಿಸುತ್ತಾರೆ. ಲೆಕ್ಕ ಮಾತ್ರ ಅದೇ.

ಈ ಪಾಳಿಯ ವಿಷಯ ಹಿಡಿದು ಪಾಲಕರು ಸಾಲಿಗೆ ಬರುವುದುಂಟು. ಮನೆಯಲ್ಲಿ ಕನ್ನಡ, ಕಾಗದವೆಲ್ಲ ಮರಾಠಿ. ಮಾಸ್ತರು ಓದಿ ಹೇಳಲಿ ಎಂಬ ಭರವಸೆ. ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ‘ಅಪ್ಪ ಹೋದ್ರು ಗುರುಗಳೇ. ತಮ್ಮ ಪುಣ್ಯಾದಾಗ ಇದ್ದಾನ. ನಾವೂ ಹೊಲಾ ಮಾಡೂದು ಅಷ್ಟಕ್ಕಷ್ಟೇ. ಪಾಳಿ ಏನು ಮಾಡೂದು?’ ನಾವು ವಕೀಲರಲ್ಲ, ಆದರೂ ಇಷ್ಟು ವರ್ಷ ಕೇಳಿ, ನೋಡಿ ಒಂದು ಅಭಿಪ್ರಾಯಕ್ಕೆ ಬಂದಿದ್ದೇವೆ. ಮೂರು ದಾರಿಯಲ್ಲಿ ಯಾವುದು ಹಿಡಿದರೂ ನಡೆಯುತ್ತದೆ. ಯಾವುದನ್ನೂ ಹಿಡಿಯದೆ ಸುಮ್ಮನೆ ಕೂಡುವ ನಾಲ್ಕನೆಯ ದಾರಿ ಇದೆಯಲ್ಲ, ಅದೇ ಮನೆತನಗಳನ್ನು ಕೆಡಿಸುತ್ತದೆ.

ಮೊದಲು ಕೈಗೆ ಬಂದದ್ದು ಎಷ್ಟು ಎಂದು ಲೆಕ್ಕ ಹಾಕಬೇಕು. ತಂದೆಯದು ನಾಲ್ಕಾಣೆ ಎಂದರೆ ಎಂಟು ದಿನದ ಸುತ್ತಿನಲ್ಲಿ ಎರಡು ದಿನ. ಹೊಲದ ಕರೆಂಟು ನಮ್ಮಲ್ಲಿ ಇಪ್ಪತ್ನಾಲ್ಕು ತಾಸು ಇರುವುದಿಲ್ಲ. ಹಗಲು ಪಾಳಿಯಾದರೆ ಸುಮಾರು 8 ತಾಸು, ರಾತ್ರಿ ಪಾಳಿಯಾದರೆ ಸುಮಾರು 10 ತಾಸು. ಹಗಲಿನ ಲೆಕ್ಕ ಹಿಡಿದರೆ ಎರಡು ದಿನಕ್ಕೆ 16 ತಾಸು. ಮೂವರು ಮಕ್ಕಳಿದ್ದು ತಾಯಿಯೂ ಇಲ್ಲವೆಂದರೆ ಒಬ್ಬೊಬ್ಬರಿಗೆ 5 ತಾಸು 20 ಮಿನಿಟು. ಅದೂ ಎಂಟು ದಿನಕ್ಕೊಮ್ಮೆ! ಇನ್ನೊಂದು ತಲೆಮಾರು ಹೋದರೆ ಮಿನಿಟಿನ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಮಾತು. ತಾಸು ಅಂದರೆ ನೀರಲ್ಲ. ನಮ್ಮದು ಕರಿಕಲ್ಲಿನ ನೆಲ. ಕಲ್ಲಿನ ಬಿರುಕಿನಿಂದ ಸೆಲೆ ಬಂದು ಬಾವಿ ತುಂಬಬೇಕು. ಮಳೆ ಚೆನ್ನಾಗಿ ಆದ ವರ್ಷ ದೀಪಾವಳಿವರೆಗೆ ಯಾರೂ ತಾಸು ಎಣಿಸುವುದಿಲ್ಲ. ಚೈತ್ರ ಬಂತೆಂದರೆ ಒಂದು ತಾಸಿಗೆ ಬಾವಿ ತಳ ಕಾಣುತ್ತದೆ. ಮತ್ತೆ ಸೆಲೆ ಕೂಡುವ ತನಕ ಬಾವಿಯ ಕಟ್ಟೆಯ ಮೇಲೆ ಕೂಡಬೇಕು. ಯಾರ ಪಾಳಿ ಮೊದಲು, ಯಾರದು ಆಮೇಲೆ ಎಂಬುದು ಆಗ ದೊಡ್ಡ ಮಾತಾಗುತ್ತದೆ. ಗೋವೆಯ ರಿಸಾರ್ಟಿನಲ್ಲಿಯೂ ಹೀಗೆಯೇ ಅಲ್ಲವೇ, ದೀಪಾವಳಿ ರಜೆಯ ವಾರಕ್ಕೆ ಇರುವ ಬೆಲೆ ಜಡಿಮಳೆಯ ವಾರಕ್ಕೆ ಇಲ್ಲ. 1972ರ ಬರ ನಮ್ಮ ಹಿರಿಯರ ಬಾಯಲ್ಲಿದೆ. 2016ರ ಬರ ನಮ್ಮ ಕಣ್ಣ ಮುಂದಿದೆ: ಆ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅಂಥ ವರ್ಷ ನಾಲ್ಕಾಣೆ ಪಾಳಿ ನಾಲ್ಕಾಣೆಯ ಮಾತಾಗಿ ಉಳಿಯುವುದಿಲ್ಲ. ಆದ್ದರಿಂದ ಒಳ್ಳೆ ಮಳೆಗಾಲದಲ್ಲಿ ಇದರ ಬೆಲೆ ಕಟ್ಟಬೇಡಿರಿ. ಬ್ಯಾಸಿಗೆಯಲ್ಲಿ ಕಟ್ಟಿರಿ.

ಲೆಕ್ಕವಾದ ಮೇಲೆ ಕಾಗದ. ನಮ್ಮ ಮೂರು ತಾಲೂಕಿನ ಕಾಗದಗಳಿಗೆ ದೊಡ್ಡ ಇತಿಹಾಸವೇ ಇದೆ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷದ ನವೆಂಬರ್ 1ಕ್ಕೆ ಮುಂಬೈ ರಾಜ್ಯಕ್ಕೆ ಸೇರಿ ಉಸ್ಮಾನಾಬಾದ ಜಿಲ್ಲೆಗೆ ಬಂದವು. 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಉಮರ್ಗಾ ಉಸ್ಮಾನಾಬಾದದಲ್ಲೇ ಉಳಿಯಿತು. ಅದರ ಹೆಸರು ಈಗ ಧಾರಾಶಿವ. ಅಜ್ಜನ ಕಾಗದ ಉರ್ದು, ತಂದೆಯ ಕಾಗದ ಮರಾಠಿ, ಮನೆಯ ಮಾತು ಕನ್ನಡ. ಇಷ್ಟು ಕೈ ದಾಟುವಾಗ ಹೊಲದ ಎಕರೆ-ಗುಂಟೆ ಹೇಗೋ ಉಳಿಯುತ್ತದೆ. ಬಾವಿಯ ಆಣೆ ಎಷ್ಟೋ ಸಲ ಬಾಯಿಮಾತಿನಲ್ಲೇ ಉಳಿದುಬಿಡುತ್ತದೆ.

ಆದ್ದರಿಂದ ಸಾತ್‌ಬಾರಾ ಉತಾರೆ ತೆಗೆಸಿರಿ. ಸಹಿ ಇದ್ದ ಡಿಜಿಟಲ್ ಉತಾರೆ ಈಗ ಮೊಬೈಲಿನಲ್ಲೇ ಸಿಗುತ್ತದೆ. ಅನೇಕರು ತಮ್ಮ ಹೊಲದ ಗಟ್ ನಂಬರಿನ ಉತಾರೆ ತೆಗೆದು ಸುಮ್ಮನಾಗುತ್ತಾರೆ. ಅದು ಸಾಲದು. ಬಾವಿ ಯಾವ ಗಟ್ ನಂಬರಿನಲ್ಲಿದೆಯೋ ಅದರ ಉತಾರೆಯೂ ಬೇಕು. ಬಾವಿ ದೊಡ್ಡಪ್ಪನ ಹಿಸೆಯ ಹೊಲದಲ್ಲಿರಬಹುದು. ಆ ಉತಾರೆಯ ‘ಇತರ ಅಧಿಕಾರ’ ಎಂಬ ಅಂಕಣದಲ್ಲಿ ನಿಮ್ಮ ಬಾವಿ ಹಿಸೆ ಬರೆದಿದೆಯೋ ಇಲ್ಲವೋ ನೋಡಿರಿ. ಬರೆಯದೆ ಇದ್ದರೆ, ಪಾಳಿ ಕಂಡ ಹಿರಿಯರು ಇರುವಾಗಲೇ ಅದಕ್ಕೊಂದು ದಾರಿ ನೋಡಿರಿ. ಅವರು ಹೋದ ಮೇಲೆ ಸಾಕ್ಷಿ ಯಾರು?

ತೀರಿಹೋದವರ ಹೆಸರು ಉತಾರೆಯ ಮೇಲೆ ಇನ್ನೂ ಇದ್ದರೆ ವಾರಸ ನೋಂದಣಿ ಮಾಡಿಸಬೇಕು. ಅರ್ಜಿ ತಲಾಠಿಯವರಲ್ಲಿ. ಫೇರಫಾರದ ನೋಟೀಸಿಗೆ 15 ದಿನದ ಅವಧಿ, ಆಮೇಲೆ ಮಂಡಳ ಅಧಿಕಾರಿಯ ಮಂಜೂರಿ. ಇಂಥ ಹೆಸರುಗಳು ರಾಜ್ಯದ ತುಂಬ ಎಷ್ಟು ಉಳಿದಿದ್ದವೆಂದರೆ, ಸರಕಾರವೇ 2025ರ ಏಪ್ರಿಲ್‌ನಿಂದ ‘ಜಿವಂತ ಸಾತ್‌ಬಾರಾ’ ಎಂಬ ಮೋಹಿಮೆ ನಡೆಸಬೇಕಾಯಿತು. ಸತ್ತವರ ಹೆಸರಿನ ಹೊಲವನ್ನು ಜೀವಂತ ಮಾಡುವ ಕೆಲಸ!

ಇಲ್ಲಿ ಅಕ್ಕ-ತಂಗಿಯರ ಮಾತು ಬಾರದೆ ಇರದು. ವಾರಸ ನೋಂದಣಿಯ ಹೊತ್ತಿಗೆ ‘ಅವರು ಕೊಟ್ಟ ಮನೆಗೆ ಹೋದವರು, ಬಾವಿ ಅವರಿಗೇಕೆ?’ ಎನ್ನುವವರು ಈಗಲೂ ಇದ್ದಾರೆ. ಹಿಂದೂ ವಾರಸಾ ಕಾಯ್ದೆಗೆ ಆದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿತು. ಹೊಲದಲ್ಲಿ ಹಕ್ಕಿದ್ದವಳಿಗೆ ಬಾವಿಯಲ್ಲಿಯೂ ಇದೆ. ಅವಳು ತಾನಾಗಿ ಬಿಟ್ಟುಕೊಟ್ಟರೆ ನೋಂದಣಿ ಮಾಡಿಸಿದ ಹಕ್ಕಸೋಡ ಪತ್ರ ಇರಲಿ. ಪಂಚಮಿಗೆ ಒಂದು ಸೀರೆ ಉಡಿಸಿ, ಬಿಳಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಹಕ್ಕು ಬಿಟ್ಟಂತಲ್ಲ. ಅದು ತವರುಮನೆಯ ಬಾಗಿಲು ಮುಚ್ಚಿದಂತೆ. ನಮ್ಮ ಹುಡುಗಿಯರಿಗೆ ವರ್ಗದಲ್ಲಿ ಸಮಾನತೆಯ ಪಾಠ ಓದಿಸಿ, ಹೊರಗೆ ಇದನ್ನು ನೋಡಿ ಸುಮ್ಮನಿರುವುದು ಶಿಕ್ಷಕರಿಗೆ ಶೋಭಿಸುವುದಿಲ್ಲ.

ಇಷ್ಟಾದ ಮೇಲೆ ಮೂರು ದಾರಿ.

ಇಟ್ಟುಕೊಳ್ಳುವುದು. ‘ಹಿರಿಯರದು, ಬಿಡಬಾರದು’ ಎಂಬ ಒಂದೇ ಕಾರಣ ಸಾಲದು ಎಂದು ನಮ್ಮ ಅಭಿಪ್ರಾಯ. ಈ ವರ್ಷ ನಿಮ್ಮ ಮನೆಯವರು ಯಾರಾದರೂ ಹಿಂಗಾರಿ ಬಿತ್ತುತ್ತಾರೆಯೇ? ರಾತ್ರಿ ಪಾಳಿಯ ಕರೆಂಟು ಬಂದಾಗ ನೀರು ಹಾಯಿಸಲು ಎದ್ದು ಹೋಗುವವರು ಯಾರು? ಹೂಳು ತೆಗೆಸುವಾಗ, ಮೋಟಾರು ಸುಟ್ಟಾಗ ನಾಲ್ಕಾಣೆಯ ಖರ್ಚು ನಾಲ್ಕು ದಿನದಲ್ಲಿ ಕೊಡುತ್ತೀರಾ? 2024ರ ಏಪ್ರಿಲ್‌ನಿಂದ 7.5 ಅಶ್ವಶಕ್ತಿಯವರೆಗಿನ ಪಂಪಿಗೆ ವಿದ್ಯುತ್ತು ಬಿಟ್ಟಿ ಎಂಬುದು ನಿಜ. ಮೋಟಾರು ಕಟ್ಟಿಸುವವನು ಬಿಟ್ಟಿ ಕಟ್ಟಿಕೊಡುವುದಿಲ್ಲ. ಇವಕ್ಕೆಲ್ಲ ಹೌದೆಂದರೆ ಇಟ್ಟುಕೊಳ್ಳಿರಿ, ಮಕ್ಕಳಿಗೂ ಕೆಲಸ ಕಲಿಸಿರಿ. ಖರ್ಚಿನ ಹೊತ್ತಿಗೆ ಫೋನ್ ಎತ್ತದೆ, ಬ್ಯಾಸಿಗೆಯಲ್ಲಿ ಬಂದು ‘ನಮ್ಮ ಪಾಳಿ ಎಲ್ಲಿ?’ ಎಂದು ಕೇಳಿದರೆ ಯಾವ ಅಣ್ಣ-ತಮ್ಮ ಸಹಿಸಿಯಾನು?

ಲಾವಣಿಗೆ ಕೊಡುವುದು. ಊರು ಬಿಟ್ಟ ಮನೆಗಳಿಗೆ ಬಹಳ ಸಲ ಇದೇ ಸರಿ. ಹೊಲವನ್ನೂ ಪಾಳಿಯನ್ನೂ ಜೋಡಿಯಾಗಿಯೇ ಕೊಡಬೇಕು. ಆದಷ್ಟು ಆ ಬಾವಿಯ ಹಿಸೆದಾರನಿಗೇ ಕೊಡಬೇಕು, ಏಕೆಂದರೆ ಬಾವಿ ಕೆಟ್ಟರೆ ಅವನದೂ ಕೆಡುತ್ತದೆ. ಬಟಾಯಿ ಇರಲಿ, ರೊಕ್ಕದ ಲಾವಣಿ ಇರಲಿ, ಯುಗಾದಿಯಿಂದ ಯುಗಾದಿಗೆ ಎಂದು ಅವಧಿ ಇರಲಿ. ಬರೆದು ಕೊಡಲು ನಮ್ಮ ಜನ ಹೆದರುತ್ತಾರೆ. ಆ ಹೆದರಿಕೆಗೆ ಕಾರಣವಿಲ್ಲದಿಲ್ಲ. 1950ರ ಹೈದರಾಬಾದ್ ಕುಳ ಕಾಯ್ದೆ ಬಂದಾಗ ಉಳುವವನಿಗೆ ರಕ್ಷಣೆ ಸಿಕ್ಕಿತು, ಬಡವರಿಗೆ ಹೊಲ ಸಿಕ್ಕಿತು. ‘ಬರೆದು ಕೊಟ್ಟರೆ ಕುಳ ಹತ್ತುತ್ತದೆ’ ಎಂಬ ಮಾತು ಅಂದಿನಿಂದ ಮಾಲೀಕರ ಮನೆಯಲ್ಲಿ ಉಳಿಯಿತು. ಆದರೆ ಬರೆಯದೆ ಕೊಟ್ಟರೆ ಹೆದರಿಕೆ ಹೋಗುವುದಿಲ್ಲ. ಜಗಳ ಮಾತ್ರ ಮುಂದಕ್ಕೆ ಹೋಗುತ್ತದೆ. ಏನು ಬರೆಯಬೇಕು, ಹೇಗೆ ಬರೆಯಬೇಕು ಎಂದು ತಾಲೂಕಿನ ವಕೀಲರನ್ನು ಒಮ್ಮೆ ಕೇಳಿರಿ. ಯಾವ ಹಂಗಾಮು, ಎಷ್ಟು ತಾಸು, ಮೋಟಾರಿನ ಖರ್ಚು ಯಾರದು, ಬಾವಿ ಬತ್ತಿದರೆ ಲಾವಣಿ ಎಷ್ಟು ಕಡಿಮೆ: ಈ ನಾಲ್ಕು ಮಾತು ಅದರಲ್ಲಿ ಇರಲೇಬೇಕು.

ಮಾರುವುದು. ಮಾರುವವರನ್ನು ಹಳಿಯುವ ಚಾಳಿ ನಮ್ಮಲ್ಲಿದೆ. ದವಾಖಾನೆಯ ಸಾಲ, ಮಕ್ಕಳ ಶಿಕ್ಷಣ, ಪಟ್ಟಣದಲ್ಲಿ ಒಂದು ಸ್ವಂತ ಮನೆ... ಇವೆಲ್ಲ ಸಣ್ಣ ಕಾರಣಗಳಲ್ಲ. ಮುಂದಿನ ತಲೆಮಾರಿನಲ್ಲಿ ಹೊಲ ಮಾಡುವವರು ಯಾರೂ ಇಲ್ಲ ಎಂದು ಖಾತ್ರಿಯಾದರೆ ಹುಡಿಯಾಗುವ ತನಕ ಹಿಸೆ ಮಾಡುತ್ತ ಹೋಗುವುದಕ್ಕಿಂತ ಮಾರುವುದೇ ಮೇಲು. 1947ರ ತುಕಡೇಬಂದಿ ಕಾಯ್ದೆಯ ಪ್ರಕಾರ ತೀರ ಸಣ್ಣ ತುಕಡಿಯನ್ನು ಮನಸ್ಸಿಗೆ ಬಂದಂತೆ ಮಾರಲೂ ಬರುವುದಿಲ್ಲ. ಮಾರುವುದಾದರೆ ಮೊದಲು ಒಳಗಿನವರನ್ನು ಕೇಳಬೇಕು. ಜೊತೆಯ ವಾರಸದಾರರಿಗೆ ಮೊದಲ ಹಕ್ಕು ಎಂದು 1956ರ ವಾರಸಾ ಕಾಯ್ದೆಯ 22ನೆಯ ಕಲಮು ಹೇಳುತ್ತದೆ. ಅದು ಹೊಲಕ್ಕೂ ಅನ್ವಯಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾಯ್ದೆ ಬಿಡಿರಿ, ಬುದ್ಧಿಯೂ ಅದನ್ನೇ ಹೇಳುತ್ತದೆ. ಹೊರಗಿನವನೊಬ್ಬ ಪಾಳಿ ಕೊಂಡು ಬಾವಿಯ ಪಕ್ಕದಲ್ಲೇ ಆಳದ ಬೋರು ಹೊಡೆಸಿದರೆ ಹದಿನಾರಾಣೆಯೂ ಬತ್ತಬಹುದು. ಖರೀದಿ ಪತ್ರದಲ್ಲಿ ಎಕರೆ-ಗುಂಟೆಯ ಜೊತೆಗೆ ಬಾವಿಯ ಆಣೆ, ಮೋಟಾರಿನ ಹಿಸೆ, ಪೈಪಿನ ದಾರಿ, ಬಾವಿಗೆ ಹೋಗುವ ಕಾಲುದಾರಿ ಎಲ್ಲ ಬರಬೇಕು. ‘ಹೊಲ ಮಾರೀವಿ, ಪಾಳಿ ಮಾರಿಲ್ಲ’ ಎಂಬ ಒಂದು ಮಾತಿಗೆ ಮೂರು ತಲೆಮಾರು ಕೋರ್ಟಿಗೆ ತಿರುಗಬೇಕಾದೀತು.

ಇನ್ನು ನಾಲ್ಕನೆಯ ದಾರಿ, ಸುಮ್ಮನೆ ಕೂಡುವುದು. ಹೆಸರು ಹಚ್ಚಿಸಲಿಲ್ಲ, ಖರ್ಚು ಕೊಡಲಿಲ್ಲ, ಯಾರಿಗೂ ಕೊಡಲಿಲ್ಲ. ಊರಲ್ಲಿ ಉಳಿದ ತಮ್ಮ ಹತ್ತು ವರ್ಷ ಆ ನೀರು ಹಾಯಿಸಿಕೊಂಡ, ಹೂಳು ತೆಗೆಸಿದ, ಮೋಟಾರು ಕಟ್ಟಿಸಿದ. ಅವನಿಗೆ ಅದು ತನ್ನದೇ ಎನಿಸುವುದು ಸಹಜ. ಹತ್ತು ವರ್ಷದ ಮೇಲೆ ಅಣ್ಣ ಬಂದು ಪಾಳಿ ಕೇಳುತ್ತಾನೆ. ಇಬ್ಬರೂ ತಮ್ಮ ತಮ್ಮ ಪಾಲಿಗೆ ಸತ್ಯವಂತರೇ! ಆಮೇಲೆ ಒಬ್ಬರ ಮನೆಯ ಲಗ್ನಕ್ಕೆ ಇನ್ನೊಬ್ಬರು ಹೋಗುವುದಿಲ್ಲ. ಅವರ ಮಕ್ಕಳು ನಮ್ಮ ವರ್ಗದಲ್ಲಿ ಒಂದೇ ಬೆಂಚಿನ ಮೇಲೆ ಕೂಡಲು ಒಪ್ಪುವುದಿಲ್ಲ. ಕೋರ್ಟಿನ ದಾವೆ ತಾಲೂಕಿಗೆ ಹೋಗುವ ಮೊದಲು ಸಾಲಿಯ ಬೆಂಚಿಗೆ ಬಂದಿರುತ್ತದೆ.

ನಮ್ಮ ಶಿಕ್ಷಕ ಬಂಧುಗಳಿಗೆ ಒಂದು ಮಾತು. ಪಾಳಿ ಮಾರಿದ ಮನೆ ಮುಂದೆ ಊರು ಬಿಡುತ್ತದೆ, ಊರು ಬಿಟ್ಟ ಮನೆಯ ಮಗು ಕನ್ನಡ ಸಾಲಿಯ ಹಾಜರಿಯಿಂದ ಹೋಗುತ್ತದೆ. ಪಟ ಕಡಿಮೆಯಾಗುವ ಚಿಂತೆ ಗಡಿಯ ಪ್ರತಿ ಕನ್ನಡ ಸಾಲಿಗೂ ಇದೆ. ಹಾಗೆಂದು ‘ಸಾಲಿ ಉಳಿಯಲಿ, ಹೊಲ ಮಾರಬೇಡಿರಿ’ ಎಂದು ಪಾಲಕರಿಗೆ ಹೇಳುವ ಹಕ್ಕು ನಮಗಿಲ್ಲ. ನಮ್ಮ ತಿಂಗಳ ಪಗಾರು ಬಾವಿಯ ನೀರಿನ ಮೇಲೆ ನಿಂತಿಲ್ಲ, ಅವರ ಊಟ ನಿಂತಿದೆ. ನಾವು ಮಾಡಬಹುದಾದದ್ದು ಬೇರೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದ ಎಲ್ಲ ಮಾಧ್ಯಮದ ಸಾಲಿಗಳಲ್ಲೂ ಮರಾಠಿ ಕಲಿಸುವುದು ಕಡ್ಡಾಯ. ಹಾಗಾದರೆ ಏಳನೆಯ ವರ್ಗದ ಮಕ್ಕಳಿಗೆ ಒಂದು ದಿನ ಅವರವರ ಮನೆಯ ಸಾತ್‌ಬಾರಾ ಓದುವುದನ್ನೂ ಕಲಿಸೋಣ. ಭಿನ್ನರಾಶಿಯ ಪಾಠಕ್ಕೆ ಹೋಳಿಗೆ ಹರಿಯುವ ಲೆಕ್ಕ ಸಾಕು; ಹದಿನಾರಾಣೆ ಬಾವಿಯನ್ನು ಮೂವರು ಮಕ್ಕಳಿಗೆ, ಮಗಳನ್ನೂ ಸೇರಿಸಿ, ಹಂಚುವ ಲೆಕ್ಕ ಕೊಡೋಣ. ಮನೆಗೆ ಹೋಗಿ ‘ಅಪ್ಪಾ, ನಮ್ಮ ಪಾಳಿ ಎಷ್ಟಾಣೆ? ಎಲ್ಲಿ ಬರೆದೈತಿ?’ ಎಂದು ಮಗು ಕೇಳಲಿ.

ಉತ್ತರ ಗೊತ್ತಿಲ್ಲದ ಮನೆಯವರು ಬರುವ ಯುಗಾದಿಯ ಒಳಗೆ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನು ಕೂಡಿಸಿ ಮಾತಾಡಿರಿ. ಇಟ್ಟುಕೊಳ್ಳುವಿರೋ, ಕೊಡುವಿರೋ, ಮಾರುವಿರೋ ನಿಮ್ಮ ಇಚ್ಛೆ. ಅಂದೇ ಒಂದು ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಿರಿ, ನೋಂದಣಿ ಬೇಕಾದದ್ದಕ್ಕೆ ಮರುವಾರವೇ ತಾಲೂಕಿಗೆ ಹೋಗಿರಿ.